ಬೆಳೆ ಕಾಯುವ ಬ್ಯಾಕ್ಟೀರಿಯಾಕ್ಕೆ 'ದುಂಡಾಣು' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಬಾಗಲಕೋಟೆ ಭಾಗದ ದಾಳಿಂಬೆ, ದ್ರಾಕ್ಷಿ ಬೆಳೆಗಾರರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಎಲೆಗೆ ಬರುವ ಬೂದಿ ರೋಗ, ಚಿಬ್ಬು ರೋಗಗಳಂಥ ಶಿಲೀಂಧ್ರ ರೋಗಗಳನ್ನು ಒಳ್ಳೆಯ ಬ್ಯಾಕ್ಟೀರಿಯಾ ಬಳಸಿ ತಡೆಯುವುದು ಅದರ ವಿಷಯ. ಬ್ಯಾಸಿಲಸ್ ಸಬ್ಟಿಲಿಸ್, ಸುಡೋಮೋನಾಸ್ ಫ್ಲೋರೆಸೆನ್ಸ್ ಇಂಥವು. ಇವನ್ನು ಕನ್ನಡದಲ್ಲಿ ಏನೆಂದು ಕರೆಯೋಣ?

ಕೃಷಿ ಬರಹಗಳಲ್ಲಿ 'ದುಂಡಾಣು' ರೂಢಿಯಲ್ಲಿದೆ. ಆದರೆ ಇಲ್ಲಿ ಆ ಪದ ಕಿವಿಗೆ ಬಿದ್ದರೆ ನೆನಪಾಗುವುದು ದುಂಡಾಣು ಅಂಗಮಾರಿ. ದಾಳಿಂಬೆ ಗಿಡಗಳನ್ನು ಬುಡಸಮೇತ ಕೀಳಿಸಿದ ರೋಗ ಅದು. 'ದುಂಡಾಣು ಸಿಂಪಡಿಸಿ' ಅಂತ ಬರೆದರೆ ಯಾರು ಪಂಪು ಹೆಗಲಿಗೇರಿಸುತ್ತಾರೆ? ಅದೂ ಅಲ್ಲದೆ, ಅಂಗಮಾರಿ ತರುವ ಜಾಂತೋಮೋನಾಸ್ ಆಗಲಿ, ಬ್ಯಾಸಿಲಸ್ ಆಗಲಿ ದುಂಡಗಿಲ್ಲ. ಎರಡೂ ಕಡ್ಡಿಯಾಕಾರದವು.

ಡಬ್ಬಿಗಳ ಮೇಲಿರುವ 'ಜೈವಿಕ ಶಿಲೀಂಧ್ರನಾಶಕ' ನನಗೆ ಇನ್ನೂ ಜಾಸ್ತಿ ಚಿಂತೆ ತರುತ್ತದೆ. 'ನಾಶಕ' ಅಂದ ಮೇಲೆ ಅದೂ ಒಂದು ಎಣ್ಣಿ (ಸಿಂಪಡಿಸುವ ವಿಷದ ಔಷಧಿ) ಎಂದೇ ಲೆಕ್ಕ. ರೋಗ ಕಂಡ ಮೇಲೆ ಹೊಡೆಯುತ್ತಾರೆ. ತಾಮ್ರದ ಔಷಧಿ, ಸ್ಟ್ರೆಪ್ಟೋಸೈಕ್ಲಿನ್ ಎಂಬ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಜೊತೆ ಒಂದೇ ಬ್ಯಾರಲ್‌ನಲ್ಲಿ ಕಲಸುತ್ತಾರೆ. ಅಂಗಮಾರಿಯ ಬ್ಯಾಕ್ಟೀರಿಯಾ ಕೊಲ್ಲಲು ಹಾಕಿದ್ದು ಒಳ್ಳೆಯದನ್ನೂ ಬಿಡುವುದಿಲ್ಲ, ಅಲ್ವಾ? ಬ್ಯಾಸಿಲಸ್ ಗಟ್ಟಿ ಬೀಜಕ (ಗಟ್ಟಿ ಹೊದಿಕೆಯ ಸುಪ್ತ ರೂಪ) ಕಟ್ಟಿಕೊಂಡು ಒಂದಿಷ್ಟು ತಾಳಿಕೊಳ್ಳುತ್ತದೆ. ಸುಡೋಮೋನಾಸ್‌ಗೆ ಆ ರಕ್ಷಣೆಯೂ ಇಲ್ಲ. ಇವು ರೋಗ ಬರುವ ಮೊದಲೇ ಎಲೆಯ ಮೇಲೆ ನೆಲೆಯೂರಬೇಕು. ಆಗ ಶಿಲೀಂಧ್ರಕ್ಕೆ ಜಾಗವೂ ಸಿಗುವುದಿಲ್ಲ, ಆಹಾರವೂ ಸಿಗುವುದಿಲ್ಲ. ಜೊತೆಗೆ ಬ್ಯಾಸಿಲಸ್ ಇಟುರಿನ್, ಫೆಂಜೈಸಿನ್‌ನಂಥ ವಸ್ತುಗಳನ್ನು ಬಿಟ್ಟು ಶಿಲೀಂಧ್ರದ ಕೋಶದ ಪೊರೆಯನ್ನೇ ಹಾಳುಮಾಡುತ್ತದೆ. ಮೊದಲೇ ನೆಲೆಯೂರಿ ಕಾಯುವ ಈ ಕೆಲಸ 'ನಾಶಕ'ದಲ್ಲಿ ಎಲ್ಲಿ ಬಂತು?

ನನ್ನ ಮನಸ್ಸು 'ಜೀವಾಣು' ಕಡೆಗಿದೆ. ರೈಜೋಬಿಯಂ, ಅಜೋಸ್ಪಿರಿಲಂನಿಂದಾಗಿ 'ಜೀವಾಣು ಗೊಬ್ಬರ' ರೈತರಿಗೆ ಹೊಸದಲ್ಲ. ಪದದಲ್ಲೇ ಜೀವವಿದೆ, ಆದ್ದರಿಂದ ಬಿಸಿಲಲ್ಲಿಡಬಾರದು, ಕಂಡದ್ದರ ಜೊತೆ ಬೆರೆಸಬಾರದು ಎಂದು ಹೇಳುವುದು ಸುಲಭ. ತೊಡಕು ಏನೆಂದರೆ, ಟ್ರೈಕೋಡರ್ಮಾವನ್ನೂ ಜೀವಾಣು ಅನ್ನುತ್ತಾರೆ. ಅದು ಶಿಲೀಂಧ್ರ, ಸ್ಟ್ರೆಪ್ಟೋಸೈಕ್ಲಿನ್ ಅದನ್ನು ಕೊಲ್ಲುವುದಿಲ್ಲ. ಆದರೆ ಶಿಲೀಂಧ್ರನಾಶಕಗಳು ಕೊಲ್ಲಬಹುದು. ಎರಡಕ್ಕೂ ಒಂದೇ ಪದವಾದರೆ ಯಾವುದರ ಜೊತೆ ಯಾವುದು ಬೇಡ ಎಂದು ಬರೆಯುವುದು ಹೇಗೆ?

ಸುಮ್ನೆ 'ಬ್ಯಾಕ್ಟೀರಿಯಾ' ಅಂತಲೇ ಉಳಿಸಿ 'ಎಲೆ ಕಾಯುವ ಬ್ಯಾಕ್ಟೀರಿಯಾ' ಎನ್ನಬಹುದೇ? ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿಗೆ ಇದನ್ನು ಹೊಡೆಯುವವರು, ಬೆಳಗಾವಿ ಕಡೆ ಸೋಯಾ, ಅರಿಸಿನ ಬೆಳೆಯುವವರು ಬಾಯಲ್ಲಿ ಏನನ್ನುತ್ತಾರೆ? ಪುಸ್ತಕದ ಪದಕ್ಕಿಂತ ಅದೇ ನನಗೆ ಬೇಕು. ಗೊತ್ತಿದ್ದವರು ದಯವಿಟ್ಟು ತಿಳಿಸಿ.