ವಾಲ್ವ್ ಆಂಪ್ ತರಲೋ, ಬೇಡವೋ? ಎರಡನ್ನೂ ಬಳಸಿದವರು ಹೇಳಿ

ಪ್ರಶ್ನೆ: ಇಷ್ಟು ದಿನ ಟ್ರಾನ್ಸಿಸ್ಟರ್ ಆಂಪ್‌ನಲ್ಲೇ ಹಾಡು ಕೇಳುತ್ತಿದ್ದೆ. ಗೆಳೆಯರ ಮನೆಯಲ್ಲಿ ವಾಲ್ವ್ ಆಂಪ್ (ಗಾಜಿನ ಟ್ಯೂಬ್‌ಗಳಿರುವ ಆಂಪ್ಲಿಫೈಯರ್) ಕೇಳಿ ಬಂದಾಗಿನಿಂದ ನನ್ನದು ಸಪ್ಪೆ ಅನ್ನಿಸುತ್ತಿದೆ. ಸ್ಪೀಕರ್ ಸೆನ್ಸಿಟಿವಿಟಿ 86 ಡೆಸಿಬೆಲ್. ಬದಲಾಯಿಸಲೇ?

ಉತ್ತರ 1:
ನನ್ನ ಹತ್ತಿರ ಎರಡೂ ಇವೆ. ವಾಲ್ವ್ ತಂದ ಹೊಸದರಲ್ಲಿ ಕಂಡವರಿಗೆಲ್ಲ ಅದರದ್ದೇ ಹೊಗಳಿಕೆ. ಆಮೇಲೆ 400 ಹರ್ಟ್ಸ್ ಟೋನ್ ಹಾಕಿ ಸ್ಪೀಕರ್ ವೈರ್‌ಗೆ ಮಲ್ಟಿಮೀಟರ್ ಹಿಡಿದೆ. ವಾಲ್ವ್ 1 ಡೆಸಿಬೆಲ್ ಜೋರಾಗಿತ್ತು, ಅಷ್ಟೇ! ಇಷ್ಟು ಸಣ್ಣ ಅಂತರ ಕಿವಿಗೆ ಜೋರು ಅನ್ನಿಸುವುದಿಲ್ಲ, ‘ಚೆನ್ನಾಗಿದೆ’ ಅನ್ನಿಸುತ್ತದೆ. ಎರಡನ್ನೂ ಸಮ ಮಾಡಿ, ಯಾವುದು ಹಾಡುತ್ತಿದೆ ಎಂದು ಹೇಳದೆ ಬದಲಾಯಿಸಲು ಮಗಳನ್ನು ಕೂರಿಸಿದೆ. ನಾನು ಹೊಗಳಿದ್ದರಲ್ಲಿ ಅರ್ಧ ಅಲ್ಲೇ ಮಾಯ.

ಉಳಿದರ್ಧ ಮಾತ್ರ ನಿಜ. ಬಾಸ್ ತುಸು ದುಂಡಗೆ, ಹಾಡುವವರ ದನಿ ತುಸು ಮುಂದೆ. ಇದರಲ್ಲಿ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಆಂಪ್‌ನ ಒಳಗಿನ ತಡೆ, ಅದರ ಪಾಲು ಜಾಸ್ತಿ. 8 ಓಮ್ ಎಂದು ಬರೆದಿರುವ ಸ್ಪೀಕರ್ ಒಂದು ಫ್ರೀಕ್ವೆನ್ಸಿಯಲ್ಲಿ 5, ಇನ್ನೊಂದರಲ್ಲಿ 30 ಓಮ್ ಇರಬಹುದು. ಟ್ರಾನ್ಸಿಸ್ಟರ್ ಇದಕ್ಕೆಲ್ಲ ಜಗ್ಗುವುದಿಲ್ಲ, ಅದರದ್ದು ಸಾಮಾನ್ಯವಾಗಿ 0.1 ಓಮ್‌ಗಿಂತ ಕಡಿಮೆ. ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದು ಪಾಲನ್ನು ಮರಳಿ ಒಳಗೆ ಕೊಟ್ಟು ತಿದ್ದುವುದು) ಕಡಿಮೆ ಇರುವ ವಾಲ್ವ್‌ನದ್ದು 2-3 ಓಮ್ ಆಗಬಹುದು. ಆಗ ಸ್ಪೀಕರ್‌ನ ಓಮ್ ಏರಿದ ಕಡೆ ಸದ್ದೂ ಏರುತ್ತದೆ. 2-3 ಡೆಸಿಬೆಲ್ ಏರಿಳಿತ ಸುಮ್ನೆ ಅಲ್ಲ, ಅಲ್ವಾ? ಅಂದರೆ ಗೆಳೆಯರ ಮನೆಯಲ್ಲಿ ನೀವು ಕೇಳಿದ್ದು ಅವರ ಸ್ಪೀಕರ್ ಜೊತೆ ಸೇರಿದ ವಾಲ್ವ್. ಅವರ ಆಂಪನ್ನೇ ಒಂದು ವಾರಕ್ಕೆ ಎರವಲು ತಂದು ನಿಮ್ಮ ಸ್ಪೀಕರ್‌ಗೆ ಹಾಕಿ ನೋಡಿ.

ಉತ್ತರ 2:
86 ಡೆಸಿಬೆಲ್ ಸ್ಪೀಕರ್‌ಗೆ ವಾಟ್ ಜಾಸ್ತಿ ಬೇಕು, ಅದಕ್ಕೆ 300ಬಿ ಸಿಂಗಲ್ ಎಂಡೆಡ್ (ಒಂದೊಂದು ಸ್ಪೀಕರ್‌ಗೆ ಒಂದೇ 300ಬಿ ವಾಲ್ವ್ ಇರುವ ಆಂಪ್) ಮಾತ್ರ ಬೇಡ. ನಾನು ಮಾಡಿ ಕೆಟ್ಟಿದ್ದೇನೆ. ಸುಮಾರು 8 ವಾಟ್ ಸಿಗುತ್ತದೆ. ಒಬ್ಬರೇ ಮೆಲ್ಲಗೆ ಹಾಡುವಾಗ ಸ್ವರ್ಗ. ಡ್ರಮ್ಸ್ ಬಂದರೆ ಎಲ್ಲ ಕಲಸಿಹೋಗುತ್ತದೆ. ಇಎಲ್34 ವಾಲ್ವ್‌ಗಳು ಜೋಡಿಯಾಗಿ ಕೆಲಸ ಮಾಡುವ ಪುಶ್-ಪುಲ್ ಆದರೆ 30-40 ವಾಟ್, ಅದು ಸಾಕು. ಸ್ಪೀಕರ್ ಜೋಡಿಸದೆ ಆನ್ ಮಾಡಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಆಫ್ ಮಾಡಿದರೂ ಒಳಗೆ ಕೈ ಹಾಕಬೇಡಿ. ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ.

ಉತ್ತರ 3:
ಮೊದಲನೆಯವರ ಮಾತಿಗೆ ಒಂದು ಸೇರಿಸುತ್ತೇನೆ. 1985ರಲ್ಲಿ ಅಮೆರಿಕದ ಆಂಪ್ ತಯಾರಕ ಬಾಬ್ ಕಾರ್ವರ್ ತಮ್ಮ ಟ್ರಾನ್ಸಿಸ್ಟರ್ ಆಂಪ್ ತಿದ್ದಿ, ಅದು ದುಬಾರಿ ವಾಲ್ವ್ ಆಂಪ್ ತರಹವೇ ಹಾಡುವಂತೆ ಮಾಡಿದ್ದರು. ಸ್ಟೀರಿಯೋಫೈಲ್ ಎಂಬ ಆಡಿಯೋ ಪತ್ರಿಕೆಯವರಿಗೇ ವ್ಯತ್ಯಾಸ ಸಿಗಲಿಲ್ಲ. ನಾನು ಮಾಡಿದ್ದು ಅದರ ಬಡವರ ಆವೃತ್ತಿ: ಒಂದೊಂದು ಸ್ಪೀಕರ್ ವೈರ್‌ನಲ್ಲೂ ಒಂದೂವರೆ ಓಮ್‌ನ, 20 ವಾಟ್‌ನ ರೆಸಿಸ್ಟರ್ ಸೀರೀಸ್‌ನಲ್ಲಿ ಹಾಕಿದೆ, ಟ್ರಾನ್ಸಿಸ್ಟರ್‌ಗೂ ವಾಲ್ವ್‌ನಷ್ಟೇ ಔಟ್‌ಪುಟ್ ಇಂಪೀಡೆನ್ಸ್ ಬಂದ ಹಾಗೆ. ಬಾಸ್ ದುಂಡಗಾಯಿತು. ಎರಡು ವಾರಕ್ಕೆ ನನಗೆ ಸಾಕಾಗಿ ತೆಗೆದುಬಿಟ್ಟೆ. ನಿಮಗೆ ಹಿಡಿಸಿದರೆ ಆಗ ವಾಲ್ವ್ ಹುಡುಕಲು ಹೊರಡಿ.