ಬಾಲ್ಯದ ಸಂಕಷ್ಟ, ಈಗಿನ ಆತಂಕ, ಪುಟಿದೇಳುವ ಗುಣ: ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನದಲ್ಲಿ ಅಳೆಯುವುದು ಹೇಗೆ?

ಪ್ರಶ್ನೆ — ಎಂಎಸ್‌ಡಬ್ಲ್ಯೂ_ಅಂತಿಮವರ್ಷ

ಎಲ್ಲರಿಗೂ ನಮಸ್ಕಾರ. ಪ್ರಬಂಧಕ್ಕಾಗಿ ಸರ್ಕಾರಿ ಹಾಸ್ಟೆಲ್‌ಗಳಲ್ಲಿರುವ 18ರಿಂದ 23 ವರ್ಷದ ಪದವಿ ವಿದ್ಯಾರ್ಥಿಗಳನ್ನು ಆರಿಸಿಕೊಂಡಿದ್ದೇನೆ. ಬಾಲ್ಯದಲ್ಲಿ ಕಷ್ಟ ಉಂಡವರಲ್ಲಿ ಈಗ ಆತಂಕ ಹೆಚ್ಚಿದೆಯೇ, ರೆಸಿಲಿಯನ್ಸ್ (ಪುಟಿದೇಳುವ ಗುಣ) ಇದ್ದವರಲ್ಲಿ ಆ ಪೆಟ್ಟು ಕಡಿಮೆಯಾಗಿದೆಯೇ ಎಂದು ನೋಡಬೇಕು. ಬಾಲ್ಯದ ಸಂಕಷ್ಟಕ್ಕೆ ಹತ್ತು ಪ್ರಶ್ನೆಗಳ ಎಸಿಇ (ಬಾಲ್ಯದ ಕಹಿ ಅನುಭವಗಳ) ಪಟ್ಟಿ, ಆತಂಕಕ್ಕೆ ಜಿಎಡಿ-7 ಪ್ರಶ್ನಾವಳಿ, ರೆಸಿಲಿಯನ್ಸ್‌ಗೆ ಕಾನರ್-ಡೇವಿಡ್‌ಸನ್ ಮಾಪಕ ಎಂದುಕೊಂಡಿದ್ದೇನೆ. 120 ಜನ, ಮೀಡಿಯೇಶನ್ ವಿಶ್ಲೇಷಣೆ. ಎಸಿಇ ಅಂಕ 4 ಅಥವಾ ಹೆಚ್ಚು ಬಂದವರನ್ನು ಆಪ್ತಸಮಾಲೋಚನೆಗೆ ಕಳಿಸುವ ಯೋಚನೆಯೂ ಇದೆ. ಎಲ್ಲಿ ಎಡವಬಹುದು, ದಯವಿಟ್ಟು ತಿಳಿಸಿ.

ಉತ್ತರ — ಮನೋಸಾಮಾಜಿಕ

ಮೊದಲು ಆ ನಾಲ್ಕರ ಅಂಕ ಬಿಟ್ಟುಬಿಡಿ. ಎಸಿಇ ಅಧ್ಯಯನ ನಡೆದದ್ದು 1995ರಿಂದ 97ರವರೆಗೆ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ, ಕೈಸರ್ ಪರ್ಮನೆಂಟೆ ಆರೋಗ್ಯ ವಿಮೆ ಇದ್ದ 17,000ಕ್ಕೂ ಹೆಚ್ಚು ವಯಸ್ಕರಲ್ಲಿ. ಸಂಕಷ್ಟದ ಬಗೆಗಳು ಹೆಚ್ಚಿದಂತೆ ಕಾಯಿಲೆಯ ಸಾಧ್ಯತೆ ಮೆಟ್ಟಿಲೇರುತ್ತದೆ ಎಂದು ಅಧ್ಯಯನ ನಡೆಸಿದ ಫೆಲಿಟ್ಟಿ ಮತ್ತು ಆಂಡಾ 1998ರಲ್ಲಿ ತೋರಿಸಿದರು. ಅದು ಜನಸಮೂಹದ ಲೆಕ್ಕ. ಒಬ್ಬ ವ್ಯಕ್ತಿಯ ಅಂಕ ನೋಡಿ ಅವರಿಗೆ ಮುಂದೇನಾಗುತ್ತದೆ ಎನ್ನಲು ಈ ಅಂಕ ತಕ್ಕದ್ದಲ್ಲ ಎಂದು ಸ್ವತಃ ಆಂಡಾ ಅವರೇ 2020ರಲ್ಲಿ ಬರೆದಿದ್ದಾರೆ. ಒಂದೇ ಬಗೆಯ ಹಿಂಸೆಯನ್ನು ಹತ್ತು ವರ್ಷ ಉಂಡ ಹುಡುಗಿಗೆ ಬರುವ ಅಂಕ 1. ಅವಳನ್ನು ಬಿಟ್ಟು 4 ಬಂದವರನ್ನು ಮಾತ್ರ ಕಳಿಸಿದರೆ ಅನ್ಯಾಯವಾಗುತ್ತದೆ. ಸಮಾಲೋಚನೆಯ ಮಾಹಿತಿ ಎಲ್ಲರಿಗೂ ಕೊಡಿ.

ಎರಡನೆಯದು, ಆ ಹತ್ತು ಪ್ರಶ್ನೆಗಳಲ್ಲಿ ಬಡತನವಿಲ್ಲ, ಅಪ್ಪ ಅಥವಾ ಅಮ್ಮ ತೀರಿಕೊಂಡದ್ದಿಲ್ಲ, ಸಹಪಾಠಿಗಳ ಕಾಟವಿಲ್ಲ, ಊರೊಳಗಿನ ಹೊಡೆದಾಟವಿಲ್ಲ. ನಿಮ್ಮ ಹಾಸ್ಟೆಲ್ ಮಕ್ಕಳಿಗೆ ಮುಖ್ಯವಾದವೇ ಬಿಟ್ಟುಹೋಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಎಸಿಇ-ಐಕ್ಯೂ ತೆಗೆದುಕೊಳ್ಳಿ. 18 ದಾಟಿದವರಿಗೆಂದೇ ಇರುವ ಪ್ರಶ್ನಾವಳಿ, 13 ವಿಭಾಗಗಳಿವೆ. ತಂದೆತಾಯಿಯ ಸಾವು, ಸಹಪಾಠಿಗಳ ಹಿಂಸೆ, ಸಮುದಾಯದ ಹಿಂಸೆ ಎಲ್ಲ ಅದರಲ್ಲಿ ಬರುತ್ತವೆ. ಬಡತನ, ಜಾತಿಯ ಕಾರಣಕ್ಕೆ ಆದ ಅವಮಾನ ಅದರಲ್ಲೂ ನೇರವಾಗಿಲ್ಲ. ಅವುಗಳಿಗೆ ಪ್ರತ್ಯೇಕ ಪ್ರಶ್ನೆ ಸೇರಿಸಿ, ಆದರೆ ಆ ಅಂಕವನ್ನು ಒಟ್ಟು ಮೊತ್ತಕ್ಕೆ ಕೂಡಿಸಬೇಡಿ.

ಅಂಕ ಹಾಕಲು ಎರಡು ಪದ್ಧತಿಗಳಿವೆ. ‘ಒಮ್ಮೆಯಾದರೂ ಆಗಿದ್ದರೆ 1’ ಎಂಬ ಪದ್ಧತಿ ಹಿಡಿದರೆ ನಮ್ಮಲ್ಲಿ ಏಟು ತಿನ್ನದ ಮಕ್ಕಳೇ ಸಿಗುವುದಿಲ್ಲ, ವ್ಯತ್ಯಾಸವೆಲ್ಲ ಮಾಯವಾಗುತ್ತದೆ. ಎಷ್ಟು ಸಲ ಎಂಬುದನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿಯಲ್ಲಿ ದೈಹಿಕ ಹಿಂಸೆಗೆ ‘ಹಲವು ಸಲ’ ಎಂದವರಿಗೆ ಮಾತ್ರ ಅಂಕ. ಲೈಂಗಿಕ ಹಿಂಸೆಗೆ ಒಮ್ಮೆಯಾದರೂ ಅಂಕ. ಇದನ್ನೇ ಬಳಸಿ.

ಉತ್ತರ — ಅಂಕಿಅಂಶ_ಮೇಷ್ಟ್ರು

ನಿಮ್ಮ ಪ್ರಶ್ನೆಗೂ ವಿಶ್ಲೇಷಣೆಗೂ ತಾಳೆಯಿಲ್ಲ. ‘ರೆಸಿಲಿಯನ್ಸ್ ಇದ್ದವರಲ್ಲಿ ಪೆಟ್ಟು ಕಡಿಮೆಯೇ’ ಎಂದರೆ ಅದು ಮಾಡರೇಶನ್. ಸಂಕಷ್ಟವು ರೆಸಿಲಿಯನ್ಸನ್ನು ಕುಗ್ಗಿಸಿ ಆ ದಾರಿಯಿಂದ ಆತಂಕ ತರುತ್ತದೆ ಎಂದರೆ ಮೀಡಿಯೇಶನ್. ಇಂಥ ವಿಶ್ಲೇಷಣೆಗೆಂದೇ ಇರುವ ಹೇಯ್ಸ್ ಅವರ ಪ್ರಾಸೆಸ್ ತಂತ್ರಾಂಶ ಬಳಸುವುದಾದರೆ ಮೊದಲನೆಯದು ಮಾದರಿ 1, ಎರಡನೆಯದು ಮಾದರಿ 4. ಒಂದೇ ದಿನ ಒಂದೇ ಹಾಳೆಯಲ್ಲಿ ಎಲ್ಲ ಕೇಳಿ ಮೀಡಿಯೇಶನ್ ಮಾಡಿದರೆ ಫಲಿತಾಂಶ ದಾರಿ ತಪ್ಪಿಸುತ್ತದೆ, ಬೂಟ್‌ಸ್ಟ್ರ್ಯಾಪ್ (ಇದ್ದ ಮಾಹಿತಿಯಿಂದಲೇ ಮತ್ತೆ ಮತ್ತೆ ಮಾದರಿ ತೆಗೆದು ಲೆಕ್ಕ ಹಾಕುವುದು) 5,000 ಸಲ ಹಾಕಿದರೂ ಅದು ಸರಿಯಾಗುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಮಾಹಿತಿಯೇ ನಿಮ್ಮಲ್ಲಿ ಇರುವುದಿಲ್ಲವಲ್ಲ.

ಮಾಡರೇಶನ್‌ಗೆ 120 ಜನ ಸಾಲದು. 0.3ರಷ್ಟು ಸಹಸಂಬಂಧವನ್ನು ಶೇ. 80 ಸಾಮರ್ಥ್ಯದಲ್ಲಿ (ನಿಜವಾಗಿ ಇರುವ ಸಂಬಂಧ ಕಣ್ಣಿಗೆ ಬೀಳುವ ಸಾಧ್ಯತೆ) ಹಿಡಿಯಲು 85 ಜನ ಸಾಕು, 0.2ಕ್ಕೆ 194 ಬೇಕು. ಮಾಡರೇಶನ್ ತೋರಿಸುವ ಗುಣಾಕಾರ ಪದದ (ಸಂಕಷ್ಟ × ರೆಸಿಲಿಯನ್ಸ್) ಪರಿಣಾಮ ಇನ್ನೂ ಸಣ್ಣದು, f² ಎಂಬ ಬೇರೆ ಅಳತೆಯಲ್ಲಿ 0.02ರ ಪರಿಣಾಮಕ್ಕೆ ಹತ್ತಿರ ಹತ್ತಿರ 400 ಜನ. ಅಷ್ಟು ಸಿಗದಿದ್ದರೆ ಮುಖ್ಯ ಪರಿಣಾಮಗಳಿಗೆ, ಅಂದರೆ ಪ್ರತಿಯೊಂದರ ಬಿಡಿ ಪರಿಣಾಮಕ್ಕೆ, ನಿಲ್ಲಿಸಿ. ‘ಸಂಕಷ್ಟ ಕಂಡವರಿಗೂ ಕಾಣದವರಿಗೂ ರೆಸಿಲಿಯನ್ಸ್ ಒಂದೇ ರೀತಿ ನೆರವಾಯಿತು’ ಎಂಬುದೂ ಒಳ್ಳೆಯ ಫಲಿತಾಂಶವೇ.

ಇನ್ನು ಕಾನರ್-ಡೇವಿಡ್‌ಸನ್ ಮಾಪಕ. 25 ಪ್ರಶ್ನೆ, 0ರಿಂದ 100 ಅಂಕ. ಬಳಸಲು ಅನುಮತಿ ಪಡೆದು ಶುಲ್ಕ ಕಟ್ಟಬೇಕು. ದೊಡ್ಡ ತೊಂದರೆ ಬೇರೆಯದು. ‘ಒತ್ತಡ ನಿಭಾಯಿಸಬಲ್ಲೆ’ ಎಂಬಂಥ ಪ್ರಶ್ನೆಗೆ ಈಗ ಆತಂಕದಲ್ಲಿರುವವರು ಇಲ್ಲ ಎಂದೇ ಹೇಳುತ್ತಾರೆ. ಹಾಗಾಗಿ ರೆಸಿಲಿಯನ್ಸ್ ಹೆಚ್ಚಿದ್ದರೆ ಆತಂಕ ಕಡಿಮೆ ಎಂದು ಬರುವುದರಲ್ಲಿ ಒಂದು ಪಾಲು, ಒಂದೇ ವಸ್ತುವನ್ನು ಎರಡು ಕಡೆಯಿಂದ ಕೇಳಿದ್ದರ ಫಲ. ಪ್ರಬಂಧಗಳಲ್ಲಿ ಇದನ್ನೇ ದೊಡ್ಡ ಶೋಧನೆ ಎಂದು ಬರೆದಿರುತ್ತಾರೆ.

ನೆನಪಿನ ವಿಷಯವೂ ಇದೆ. 2019ರಲ್ಲಿ ಬಾಲ್ಡ್‌ವಿನ್ ಮತ್ತು ಸಂಗಡಿಗರು 16 ಅಧ್ಯಯನ, 25,471 ಜನರ ಮಾಹಿತಿ ಒಟ್ಟುಗೂಡಿಸಿ, ಬಾಲ್ಯದಲ್ಲೇ ದಾಖಲಾದ ಹಿಂಸೆಯನ್ನೂ ದೊಡ್ಡವರಾದ ಮೇಲೆ ಹೇಳಿದ್ದನ್ನೂ ಹೋಲಿಸಿದರು. ಹೊಂದಾಣಿಕೆಯ ಕಪ್ಪಾ ಮೌಲ್ಯ (ಪೂರ್ತಿ ಹೊಂದಿದರೆ 1) ಬರೀ 0.19. ದಾಖಲೆಯಲ್ಲಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಆಮೇಲೆ ಹೇಳಲಿಲ್ಲ, ಹೇಳಿದವರಲ್ಲಿ ಅರ್ಧಕ್ಕೂ ಹೆಚ್ಚು ಜನರ ದಾಖಲೆ ಇರಲಿಲ್ಲ. ಯಾರೂ ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಇವು ಎರಡು ಬೇರೆ ಗುಂಪುಗಳು. ಆದ್ದರಿಂದ ‘ಬಾಲ್ಯದ ಸಂಕಷ್ಟ’ ಎಂದು ಬರೆಯುವ ಕಡೆಯೆಲ್ಲ ‘ವಿದ್ಯಾರ್ಥಿಗಳು ನೆನಪಿನಿಂದ ಹೇಳಿದ ಬಾಲ್ಯದ ಸಂಕಷ್ಟ’ ಎಂದೇ ಬರೆಯಿರಿ.

ಎಂಎಸ್‌ಡಬ್ಲ್ಯೂ_ಅಂತಿಮವರ್ಷ

ತುಂಬ ಧನ್ಯವಾದ ಸರ್. ಹಾಗಿದ್ದರೆ ರೆಸಿಲಿಯನ್ಸ್ ಜಾಗದಲ್ಲಿ ಏನನ್ನು ಅಳೆಯಲಿ? ಇನ್ನೊಂದು: ಲೈಂಗಿಕ ಹಿಂಸೆಯ ಪ್ರಶ್ನೆ ತೆಗೆದುಬಿಡಿ, ಗೂಗಲ್ ಫಾರ್ಮ್ ಕಳಿಸಿಬಿಡಿ ಎಂದು ಗೈಡ್ ಹೇಳುತ್ತಿದ್ದಾರೆ.

ಉತ್ತರ — ಬೇರುಬಿಳಲು

ಮೊದಲ ಪ್ರಶ್ನೆಗೆ ಹೇಳುತ್ತೇನೆ. ರೆಸಿಲಿಯನ್ಸ್ ಎಂದರೆ ಹುಡುಗನ ಎದೆಯೊಳಗಿನ ಗಟ್ಟಿತನ ಎಂದುಕೊಂಡರೆ, ಆತಂಕ ಪಡುವವರದೇ ತಪ್ಪು ಎಂಬಲ್ಲಿಗೆ ಮಾತು ಹೋಗಿ ನಿಲ್ಲುತ್ತದೆ. ಸಂಶೋಧನೆ ಹಾಗೆ ಹೇಳುವುದಿಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಟ್ಟಲೆ ಹಿಂಬಾಲಿಸಿದರು. ಎರಡು ವರ್ಷದೊಳಗೇ ನಾಲ್ಕು ಅಥವಾ ಹೆಚ್ಚು ಅಪಾಯಗಳನ್ನು ಕಂಡ ಮಕ್ಕಳಲ್ಲಿ ಮೂರರಲ್ಲೊಂದು ಪಾಲು ಸಮರ್ಥ ಯುವಜನರಾದರು. ಹಸನ್ಮುಖದ ಸ್ವಭಾವವೂ ಅವರಿಗೆ ನೆರವಾಯಿತು, ನಿಜ. ಆದರೆ ಅವರ ಬಾಲ್ಯದಲ್ಲಿ ಅಜ್ಜಿ, ಚಿಕ್ಕಮ್ಮ, ಟೀಚರು ಹೀಗೆ ನೆಚ್ಚಬಹುದಾದ ಒಬ್ಬರಾದರೂ ದೊಡ್ಡವರಿದ್ದರು. ಹದಿಹರೆಯದಲ್ಲಿ ಹಳಿ ತಪ್ಪಿದ್ದವರಲ್ಲೂ ಬಹಳ ಮಂದಿ ಮೂವತ್ತು-ನಲವತ್ತರ ಹೊತ್ತಿಗೆ ಸುಧಾರಿಸಿಕೊಂಡರು: ಮತ್ತೆ ಓದು, ಕೆಲಸ, ಒಳ್ಳೆಯ ಸಂಗಾತಿ. 20ರ ವಯಸ್ಸಿನಲ್ಲಿ ಅಳೆದದ್ದನ್ನು ಹಣೆಬರಹದಂತೆ ಬರೆಯಬೇಡಿ.

ಹಾಗಾಗಿ ಆಸರೆಯನ್ನು ಅಳೆಯಿರಿ. 2018ರಲ್ಲಿ ನಾರಾಯಣ್ ಮತ್ತು ಸಂಗಡಿಗರು ಪ್ರಕಟಿಸಿದ, ಬಾಲ್ಯದ ಒಳ್ಳೆಯ ಅನುಭವಗಳ ಹತ್ತು ಪ್ರಶ್ನೆಗಳ ಬಿಸಿಇ ಮಾಪಕ ಇದೆ. 18ರೊಳಗೆ, ಜೊತೆಗಿದ್ದರೆ ಭಯವಿಲ್ಲ ಎನಿಸುವ ಒಬ್ಬ ಪೋಷಕರಿದ್ದರೇ, ಒಬ್ಬ ಒಳ್ಳೆಯ ಗೆಳೆಯ ಇದ್ದನೇ, ನಿಮ್ಮ ಬಗ್ಗೆ ಕಾಳಜಿ ಇದ್ದ ಟೀಚರಿದ್ದರೇ, ನೆರೆಹೊರೆ ಚೆನ್ನಾಗಿತ್ತೇ, ಊಟ-ನಿದ್ದೆಗೆ ಹೊತ್ತು ಎಂಬುದಿತ್ತೇ, ಇಂಥವು. ಹೌದು ಅಥವಾ ಇಲ್ಲ, 0ರಿಂದ 10 ಅಂಕ. ಇದರಲ್ಲೂ ನೆನಪಿನ ತೊಡಕು ಇದ್ದೇ ಇದೆ, ಆದರೆ ಈಗಿನ ಆತಂಕದ ಪ್ರಶ್ನೆಗಳ ಜೊತೆ ಕಲಸಿಹೋಗುವುದು ಕಡಿಮೆ. ಸಾಧ್ಯವಾದರೆ ಹಾಸ್ಟೆಲ್‌ನಲ್ಲಿ ಈಗ ಮನಸ್ಸು ಬಿಚ್ಚಿ ಮಾತಾಡಲು ಎಷ್ಟು ಜನರಿದ್ದಾರೆ ಎಂದೂ ಕೇಳಿ.

ಉತ್ತರ — ಮನೋಸಾಮಾಜಿಕ

ಗೂಗಲ್ ಫಾರ್ಮ್ ಬೇಡ ಮೇಡಂ. ನಾಲ್ಕು ಜನರ ಕೋಣೆಯಲ್ಲಿ ಪಕ್ಕದವರು ಇಣುಕುವಾಗ ಯಾರೂ ನಿಜ ಬರೆಯುವುದಿಲ್ಲ. ಬರೆದು ಕುಸಿದರೂ ನಿಮಗೆ ಗೊತ್ತಾಗುವುದಿಲ್ಲ. ವಾರ್ಡನ್ ಇಲ್ಲದ ಕೋಣೆಯಲ್ಲಿ, ದೂರ ದೂರ ಕೂರಿಸಿ, ಹೆಸರಿಲ್ಲದ ಹಾಳೆ ಕೊಡಿ. ಲೈಂಗಿಕ ಹಿಂಸೆಯ ಪ್ರಶ್ನೆ ತೆಗೆದರೆ ಅಧ್ಯಯನದ ಬೆನ್ನೆಲುಬೇ ಹೋಗುತ್ತದೆ. ಇರಲಿ, ಆದರೆ ‘ಉತ್ತರಿಸಲು ಇಷ್ಟವಿಲ್ಲ’ ಎಂಬ ಆಯ್ಕೆ ಪ್ರತಿ ಪ್ರಶ್ನೆಗೂ ಇರಬೇಕು. ಜಿಎಡಿ-7 ಮೊದಲು, ಸಂಕಷ್ಟದ ಪ್ರಶ್ನೆಗಳು ನಡುವೆ, ಬಿಸಿಇ ಕೊನೆಗೆ. ಹಿಂಸೆಯ ಪ್ರಶ್ನೆ ಓದಿದ ತಕ್ಷಣ ಯಾರನ್ನೂ ಎಬ್ಬಿಸಿ ಕಳಿಸಬಾರದು.

ಸಮ್ಮತಿ ಪತ್ರದಲ್ಲಿ ಗೌಪ್ಯತೆಯ ಮಿತಿ ಬರೆಯಿರಿ. ಭಾಗವಹಿಸುವವರು 18 ದಾಟಿದ್ದರೂ, ಮನೆಯಲ್ಲಿ ತಂಗಿಗೆ ಈಗ ಲೈಂಗಿಕ ಹಿಂಸೆ ನಡೆಯುತ್ತಿದೆ ಎಂದು ಯಾರಾದರೂ ನಿಮಗೆ ಹೇಳಿದರೆ, 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ನಿಮ್ಮ ಕರ್ತವ್ಯ. ಇದನ್ನು ಮೊದಲೇ ಹೇಳದೆ ಆಮೇಲೆ ದೂರು ಕೊಟ್ಟರೆ ಅವರು ನಂಬಿ ಹೇಳಿದ ಮಾತಿಗೆ ದ್ರೋಹ ಮಾಡಿದಂತಾಗುತ್ತದೆ. ಹರಿದುಕೊಂಡು ಹೋಗಬಹುದಾದ ಚೀಟಿಯೊಂದನ್ನು ಎಲ್ಲರಿಗೂ ಕೊಡಿ: ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416 (ಕನ್ನಡದಲ್ಲೂ ಮಾತಾಡುತ್ತಾರೆ, ಹಗಲು ರಾತ್ರಿ), ಮಕ್ಕಳ ಸಹಾಯವಾಣಿ 1098, ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ. ಆ ವಿಭಾಗದವರ ಜೊತೆ ಮೊದಲೇ ಮಾತಾಡಿ ಹೊರರೋಗಿ ದಿನಗಳನ್ನು ತಿಳಿದಿಟ್ಟುಕೊಳ್ಳಿ.

ಉತ್ತರ — ಅಂಕಿಅಂಶ_ಮೇಷ್ಟ್ರು

ಒಂದು ಮಾತು ಬಿಟ್ಟುಹೋಗಿತ್ತು. ಜಿಎಡಿ-7 ಕೇಳುವುದು ಕಳೆದ ಎರಡು ವಾರಗಳ ಬಗ್ಗೆ. ಏಳು ಪ್ರಶ್ನೆ, ತಲಾ 0ರಿಂದ 3, ಒಟ್ಟು 21. 5, 10, 15 ಎಂಬವು ಸೌಮ್ಯ, ಮಧ್ಯಮ, ತೀವ್ರ ಆತಂಕದ ಗಡಿಗಳು. ಗಡಿಗಳಲ್ಲಿ ಕತ್ತರಿಸದೆ ಪೂರ್ತಿ ಅಂಕವನ್ನೇ ವಿಶ್ಲೇಷಣೆಗೆ ಹಾಕಿ. ಸೆಮಿಸ್ಟರ್ ಪರೀಕ್ಷೆಯ ಹಿಂದುಮುಂದಿನ ಎರಡು ವಾರ ಮಾಹಿತಿ ಸಂಗ್ರಹ ಬೇಡ, ಶುಲ್ಕ ಕಟ್ಟುವ ಕೊನೆಯ ದಿನದ ಆಸುಪಾಸಿನಲ್ಲೂ ಬೇಡ. ಎರಡು ಹಾಸ್ಟೆಲ್‌ಗಳಿದ್ದರೆ ಎರಡನ್ನೂ ಒಂದೇ ವಾರದಲ್ಲಿ ಮುಗಿಸಿ, ಹಾಸ್ಟೆಲ್ ಯಾವುದು ಎಂಬುದನ್ನೂ ಒಂದು ಕಾಲಂನಲ್ಲಿ ಬರೆದಿಡಿ.