ಹಾಲು ಕುಡಿದರೆ ಮಗುವಿಗೆ ಭೇದಿ, ನಿಲ್ಲಿಸಬೇಕಾ?

ಪಿಂಪ್ರಿಯಿಂದ: ಅಕ್ಕ, ಭಾವ ಯಾದಗಿರಿ ಕಡೆಯಿಂದ ಇಲ್ಲಿಗೆ ಕಟ್ಟಡ ಕೆಲಸಕ್ಕೆ ಬಂದವರು. ಅವರ ಒಂದೂವರೆ ವರ್ಷದ ಮಗಳ ತೋಳಿಗೆ ಅಂಗನವಾಡಿಯವರು ಪಟ್ಟಿ ಸುತ್ತಿ ನೋಡಿದರು. ಕೆಂಪು ಬಂತು, ಅಂದರೆ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ, ತೀವ್ರ ಅಪೌಷ್ಟಿಕತೆ. ಈಗ ಆಸ್ಪತ್ರೆಯಲ್ಲಿದ್ದಾಳೆ. ಅಲ್ಲಿ ಕೊಡುವ ಹಾಲು ಕುಡಿದರೆ ನೀರಿನಂತೆ ಭೇದಿ. 'ಹಾಲೇ ಬೇಡ, ಗಂಜಿ ತಿಳಿ ಸಾಕು' ಎಂದು ಅಕ್ಕ ಹಟ ಹಿಡಿದಿದ್ದಾಳೆ. ಯಾರಾದರೂ ಇದನ್ನು ನೋಡಿದ್ದೀರಾ?

ಪುಣೆ, ಮಕ್ಕಳ ವಾರ್ಡಿನ ನರ್ಸ್: ತುಂಬಾ ನೋಡಿದ್ದೇನೆ. ಅಕ್ಕನ ಅನುಮಾನದಲ್ಲಿ ಸ್ವಲ್ಪ ನಿಜ ಇದೆ. ಆದರೆ ಗಂಜಿ ತಿಳಿ ಮದ್ದಲ್ಲ. ಸಣ್ಣ ಕರುಳಿನ ಒಳಗೆ ಬೆರಳಿನಂಥ ಎಳೆಗಳಿರುತ್ತವೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಅವುಗಳ ತುದಿಯಲ್ಲೇ ಇರುವುದು. ಊಟ ಸಾಲದೆ, ಪದೇ ಪದೇ ಭೇದಿಯಾಗಿ ಆ ಎಳೆಗಳು ಸವೆದಿರುತ್ತವೆ. ಒಡೆಯದ ಸಕ್ಕರೆ ಕರುಳಲ್ಲೇ ಉಳಿದು ನೀರು ಎಳೆದುಕೊಳ್ಳುತ್ತದೆ. ಬ್ಯಾಕ್ಟೀರಿಯಾ ಅದನ್ನು ಹುಳಿ ಬರಿಸುತ್ತವೆ. ಹೊಟ್ಟೆಯುಬ್ಬರ, ಭೇದಿಗೆ ಹುಳಿ ವಾಸನೆ, ಕುಂಡಿ ಸುತ್ತ ಸುಟ್ಟಂತೆ ಕೆಂಪು. ಇವು ಕಂಡರೆ ಸಿಸ್ಟರ್‌ಗೆ ಆಗಲೇ ತೋರಿಸಿ. ಸೋಂಕಿನಿಂದಲೂ ಭೇದಿ ಆಗುತ್ತದೆ, ಯಾವುದು ಅಂತ ಅವರೇ ಹೇಳಬೇಕು.

ಇನ್ನೊಂದು, ಅಲ್ಲಿ ಕೊಡುವುದು ಬರೀ ಹಾಲಾಗಿರಲಿಕ್ಕಿಲ್ಲ. ಸಾಮಾನ್ಯವಾಗಿ ಎಫ್-75 ಎಂಬ, ಇಂಥ ಸೊರಗಿದ ಮಕ್ಕಳಿಗೆಂದೇ ಇರುವ ಹಾಲಿನ ಮಿಶ್ರಣ ಇರುತ್ತದೆ: 100 ಮಿ.ಲೀ.ಗೆ 75 ಕಿಲೋಕ್ಯಾಲರಿ, ಹಾಲಿನ ಅಂಶ ಕಡಿಮೆ. ಹೆಚ್ಚಿನ ಮಕ್ಕಳಿಗೆ ಅದು ಒಗ್ಗುತ್ತದೆ. ಒಗ್ಗದಿದ್ದರೆ ಸಕ್ಕರೆ ತಗ್ಗಿಸಿ ಅಕ್ಕಿಹಿಟ್ಟು ಬೇಯಿಸಿ ಸೇರಿಸುವ ಬಗೆಯೂ ಇದೆ, ಕೇಳಿ ನೋಡಿ. ಗಂಜಿ ತಿಳಿಯಲ್ಲಿ ಶಕ್ತಿಯೂ ಇಲ್ಲ, ಪ್ರೋಟೀನೂ ಇಲ್ಲ ಅನ್ನುವಷ್ಟು ಕಡಿಮೆ. ಇಂಥ ಮಗು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದ ಸಕ್ಕರೆ ಇಳಿದು ಮೈ ತಣ್ಣಗಾಗುತ್ತದೆ. ಅದು ಭೇದಿಗಿಂತ ಅಪಾಯ.

ಭಾಂಡುಪ್‌ನಿಂದ, ಒಬ್ಬ ತಾಯಿ: ನನ್ನ ಮಗನಿಗೂ ಹೀಗೇ ಆಗಿತ್ತು. ಎರಡು ಗಂಟೆಗೊಮ್ಮೆ, ಅಳತೆ ಹಾಕಿ, ಬಟ್ಟಲು ಚಮಚದಲ್ಲಿ ಕೊಡಿಸಿದರು. ರಾತ್ರಿಯೂ. ರಾತ್ರಿಯದೇ ಕಷ್ಟ, ಅತ್ತೆ ಮತ್ತು ನಾನು ಸರದಿ ಹಾಕಿಕೊಂಡೆವು. ನೋಡಲು ಬಂದವರೆಲ್ಲ 'ಪಾಪ, ಶಕ್ತಿ ಬರಲಿ' ಅಂತ ಗ್ಲೂಕೋಸ್ ಪುಡಿ, ಡಬ್ಬಿ ಜ್ಯೂಸ್ ತರುತ್ತಿದ್ದರು. ಅದನ್ನು ಮಾತ್ರ ಮುಟ್ಟಿಸಬೇಡಿ, ಸಿಹಿ ಜಾಸ್ತಿಯಾದಷ್ಟೂ ಭೇದಿ ಜಾಸ್ತಿ. ಎದೆಹಾಲು ಇದ್ದರೆ ಬಿಡಿಸಬೇಡಿ. ಆಮೇಲೆ ಡಾಕ್ಟರೇ ಮೊಸರು ಶುರು ಮಾಡಿಸಿದರು, ಅವನಿಗೆ ಒಗ್ಗಿತು.

ಪುಣೆ ನರ್ಸ್: ಮೊಸರಲ್ಲಿ ಸ್ವಲ್ಪ ಲ್ಯಾಕ್ಟೋಸ್ ಆಗಲೇ ಒಡೆದಿರುತ್ತದಲ್ವಾ, ಅದಕ್ಕೇ. ಹಾಂ, ಓಆರ್‌ಎಸ್ ಪೊಟ್ಟಣವನ್ನೂ ಸುಮ್ನೆ ಕಲಸಿ ಕುಡಿಸಬೇಡಿ. ಇಷ್ಟು ಸೊರಗಿದ ಮಕ್ಕಳಿಗೆ ಅದರ ಸೋಡಿಯಂ ಜಾಸ್ತಿಯಾಗುತ್ತದೆ, ವಾರ್ಡಿನಲ್ಲಿ ಕೇಳಿಯೇ ಕೊಡಿ.

ವಾಸ್ಕೋದಿಂದ: ಮನೆಗೆ ಬಂದ ಮೇಲಿನ ಮಾತು. ಇಂಥ ಮಕ್ಕಳಲ್ಲಿ ಪಿಷ್ಟ ಕರಗಿಸುವ ರಸವೂ ಕಡಿಮೆ. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿಟ್ಟುಕೊಳ್ಳಿ. ಗಟ್ಟಿ ಗಂಜಿ ಸ್ವಲ್ಪ ಆರಿದ ಮೇಲೆ ಆ ಹಿಟ್ಟು ಒಂದು ಚಮಚ ಕಲಸಿದರೆ ತಾನಾಗೇ ತೆಳ್ಳಗಾಗುತ್ತದೆ. ನೀರು ಸುರಿಯುವುದೇ ಬೇಡ. ಮತ್ತೆ ಒಂದು ಕುದಿ ಬರಿಸಿ ಕೊಡಿ.

ಪಿಂಪ್ರಿಯಿಂದ: ಅಕ್ಕನಿಗೆ ಎಲ್ಲಾ ಓದಿ ಹೇಳಿದೆ. ಕುಂಡಿ ಕೆಂಪಾಗಿದೆ ಅಂತ ಅವಳು ಈಗ ಹೇಳುತ್ತಿದ್ದಾಳೆ. ಸಿಸ್ಟರ್ ಹತ್ತಿರ ಹೊರಟೆವು. ಅಕ್ಕಿಹಿಟ್ಟಿನ ಬಗೆಯನ್ನೂ ಕೇಳುತ್ತೇವೆ.